ಎರಡೂ ಕಡೆ ಒಂದೇ ದಪ್ಪ

ಜೂನ್ 2, ಮಂಗಳವಾರ

ಇವತ್ತೂ ಹಲ್ಲು ತೆಗೆದದ್ದೇ ತೆಗೆದದ್ದು. ಅಂದ್ರೆ ಅಚ್ಚು. ನಮ್ಮ ರಗ್ಬಿ ಕ್ಲಬ್ಬಿಗೆ ಹೊಸದಾಗಿ ಸೇರಿದ ಹುಡುಗೀರನ್ನ ನಾನು ಕೆಲಸ ಮಾಡೋ ಹಲ್ಲಿನ ಲ್ಯಾಬಲ್ಲಿ ಒಬ್ಬೊಬ್ಬರನ್ನೇ ಕೂರಿಸಿ, ಪೇಸ್ಟ್ ತುಂಬಿದ ಟ್ರೇ ಬಾಯಿಗೆ ತುರುಕಿ — ಅಲ್ಲಾಡಬೇಡ, ನುಂಗಬೇಡ, ನಗಬೇಡ. ಒಬ್ಬಳು ನಕ್ಕೇ ಬಿಟ್ಲು. ಅಚ್ಚು ಕೆಡ್ತು. ಇನ್ನೊಂದ್ಸಲ.

ಎಲ್ಲರದ್ದೂ ಒಂದೇ ಪ್ರಶ್ನೆ. ಅಂಗಡೀಲಿ ಸಿಗೋ, ಹಲ್ಲು ಕಾಯೋ ಮೌತ್‌ಗಾರ್ಡ್ ಸಾಲಲ್ವಾ ಅಕ್ಕ? ಬಿಸಿನೀರಲ್ಲಿ ಅದ್ದಿ ಕಚ್ಚೋದು? ಸಾಲುತ್ತೆ ಕಣ್ರೇ, ಏನೂ ಇಲ್ಲದೇ ಇರೋದಕ್ಕಿಂತ ವಾಸಿ. ಆದ್ರೆ ಸಡಿಲ ಇದ್ರೆ ಆಟದ ಮಧ್ಯೆ ಉಗಿದುಬಿಡ್ತೀರ. ಆಮೇಲೆ ಅದು ಹುಲ್ಲನ್ನ ಕಾಪಾಡುತ್ತೆ, ಹಲ್ಲನ್ನಲ್ಲ.

ಲ್ಯಾಬಿನ ಯಜಮಾನರು ಪಾಪ ಏನೂ ಅನ್ನಲ್ಲ. "ನಿಮ್ಮ ಟೀಮ್ ಹಲ್ಲು ಮುರ್ಕೊಂಡ್ರೆ ನಮ್ಮ ಲ್ಯಾಬಿಗೇ ಲಾಭ, ನೀನು ನೋಡಿದ್ರೆ ಕಾಪಾಡ್ತಾ ಕೂತಿದ್ದೀಯ" ಅಂದ್ರು ಅಷ್ಟೇ.

ಸಂಜೆ ಬುಗುರಿ ಬಂದ್ಲು. ಹಿಡಿದವರ ಕೈಯಿಂದ ಗಿರ್ರನೆ ತಿರುಗಿ ತಪ್ಪಿಸ್ಕೊಳ್ತಾಳೆ ಅಂತ ಆ ಹೆಸರು. ನನಗೆ ಬಂಡೆ ಅಂತ ಹೆಸರಿಟ್ಟವಳು ಅವಳೇ. ಅವಳಿಗೆ ಹೊಸ ಗಾರ್ಡ್ ಬೇಕಂತೆ. ನೀಲಿ.

"ಜೆರ್ಸಿ ಹಸಿರು, ಹಲ್ಲು ಮಾತ್ರ ನೀಲೀನಾ?"

"ಬಾಯಿ ನಂದು ತಾನೇ? ಮಾಡಿಕೊಡೇ ಸುಮ್ನೆ."

ಮಾಡ್ತೀನಿ. ಅವಳ ಅಚ್ಚು ಕಪಾಟಲ್ಲೇ ಇದೆ. ಮೇಲಿನ ಸಾಲು, ಎಡಗಡೆ ಮುಂದಿನ ಹಲ್ಲು — ಅದು ಅವಳದ್ದಲ್ಲ, ನಾನು ಮಾಡಿದ್ದು. ಒಳಗಿನ ಬೇರು ಸತ್ತು ಯಾವ ಕಾಲವಾಯ್ತು. ಮನೇಲೂ ಯಾರಿಗೂ ಗೊತ್ತಿಲ್ಲ, ಅಷ್ಟು ನಾಚಿಕೆ ಅವಳಿಗೆ. ಅಲ್ಲಿ ಒಂದು ಪದರ ಹೆಚ್ಚು ಹಾಕ್ತೀನಿ. ಯಾವಾಗಲೂ ಹಾಕ್ತೀನಿ.

ಜೂನ್ 7, ಭಾನುವಾರ

ಮೈಕೈ ನೋವು. ಆಡಿ ಅಲ್ಲ, ಅಂಗಡಿ ಸುತ್ತಿ.

ಹೊಸಬರಿಗೆಲ್ಲ ಬೂಟು ಕೊಡಿಸೋ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ ಮೇಷ್ಟ್ರು. ನಮ್ಮ ಕೋಚಿಗೆ ಅಂಗಡಿ ಅಂದ್ರೆ ಆಗಲ್ಲ. ಸಂಜೆ ಹೊತ್ತು ಬನ್ನಿ, ಕಾಲು ಊದಿರುತ್ತೆ, ಸರಿಯಾದ ಅಳತೆ ಸಿಗುತ್ತೆ, ಆಡೋ ಸಾಕ್ಸ್ ತನ್ನಿ ಅಂತ ಸಾವಿರ ಸಲ ಹೇಳಿದ್ದೆ. ಬಂದವರು ಚಪ್ಪಲಿ ಹಾಕ್ಕೊಂಡು, ಸಾಕ್ಸೇ ಇಲ್ಲದೆ. ಕರ್ಮ.

ಸ್ಕ್ರಮ್‌ನಲ್ಲಿ ಎದುರಿನ ಸಾಲಿಗೆ ತಲೆ, ಹೆಗಲು ಕೊಟ್ಟು ಗುಂಪಾಗಿ ತಳ್ಳೋರಿಗೆ ತಳದಲ್ಲಿ ಎಂಟು ಮೊಳೆ, ಸ್ಟಡ್ ಅಂತಾರೆ, ಇರೋದು, ಹಿಮ್ಮಡಿ ಗಟ್ಟಿ ಇರೋದು. ಕೆಸರಲ್ಲಿ ಜಾರಿದ್ರೆ ಹಿಂದಿನವರೆಲ್ಲ ಮೈಮೇಲೆ ಬೀಳ್ತಾರೆ. ಹಿಂದೆ ಓಡೋರಿಗೆ ಹಗುರದ್ದು, ಆರು ಸಾಕು. ಸ್ಟಡ್ಡಿನ ಅಂಚು ಬೆರಳಲ್ಲಿ ಸವರಿ ನೋಡಬೇಕು, ಚೂಪಾಗಿದ್ರೆ ರೆಫರಿ ಮೈದಾನಕ್ಕೇ ಬಿಡಲ್ಲ. ಒಬ್ಬಳು ಗುಲಾಬಿ ಬಣ್ಣದ್ದೇ ಬೇಕು ಅಂತ ಹಠ. ಎರಡು ಸೈಜ್ ದೊಡ್ಡದು. ಬೇಡಮ್ಮ ತಾಯಿ, ನೀನು ಆ ಕಡೆ ತಿರುಗ್ತೀಯ, ಬೂಟು ಈ ಕಡೇನೇ ಇರುತ್ತೆ ಅಂದೆ.

ಸ್ಕ್ರಮ್ ಕ್ಯಾಪ್ ಹಾಕ್ಕೊಂಡ್ರೆ ತಲೆಗೆ ಏನೂ ಆಗಲ್ಲ ಅಂತ ಅಂಗಡಿಯವನು ಶುರು ಮಾಡಿದ. ಸುಳ್ಳು ಯಾಕ್ರೀ ಹೇಳ್ತೀರ, ಇದು ಕಾಯೋದು ಕಿವಿ, ಮಿದುಳಿಗೆ ಪೆಟ್ಟಾದ್ರೆ ಈ ಟೋಪಿ ಏನೂ ಮಾಡಲ್ಲ ಅಂದೆ. "ಮೇಡಂ, ನೀವು ವ್ಯಾಪಾರ ಮಾಡೋಕೆ ಬಂದ್ರಾ ಕೆಡಿಸೋಕೆ ಬಂದ್ರಾ?" ಬುಗುರಿ ನಕ್ಕು ನಕ್ಕು ಬೂಟಿನ ಡಬ್ಬಗಳ ಮೇಲೆ ಬಿದ್ಲು.

ಆಮೇಲೆ ನನ್ನ ಶೋಲ್ಡರ್ ಪ್ಯಾಡ್. ಎಡಭುಜ ಹೋದ ವರ್ಷ ಕಳಚಿದ್ದು. ಮನೆಯವರನ್ನ ಬಿಟ್ರೆ ಬುಗುರಿಗೊಬ್ಬಳಿಗೇ ಗೊತ್ತು. ಮೇಷ್ಟ್ರಿಗೆ ಬರೀ ಉಳುಕು ಅಂತ ಹೇಳಿದ್ದೀನಿ. ಇನ್ನೊಂದ್ಸಲ ಕಳಚಿದ್ರೆ ಆಪರೇಷನ್, ಆಮೇಲೆ ಮೈದಾನ ಮರೆತುಬಿಡಿ ಅಂತ ಡಾಕ್ಟರ್ ಹೇಳಿದ್ದಾರೆ. ಮೈದಾನ ಮರೆತು ಏನ್ ಮಾಡಲಿ? ವಾರವೆಲ್ಲ ಬೇರೆಯವರ ಹಲ್ಲು, ಭಾನುವಾರ ಒಂದು ನಂದು.

ಎಡಗಡೆಗೆ ಇನ್ನೊಂದು ಪದರ ಫೋಮ್ ಹೊಲಿಸ್ಕೋತೀನಿ ಅಂದೆ. ಬುಗುರಿ ರಟ್ಟೆ ಹಿಡಿದು ಟ್ರಯಲ್ ರೂಮಿಗೆ ಎಳ್ಕೊಂಡು ಹೋದ್ಲು. "ಹುಚ್ಚೀ! ರೆಫರಿ ಬಿಡಲ್ಲ. ಬಿಟ್ರೂ, ಒಂದೇ ಕಡೆ ಉಬ್ಬಿದ್ರೆ ಇಲ್ಲಿ ಹೊಡೀರಿ ಅಂತ ಬೋರ್ಡ್ ಹಾಕ್ಕೊಂಡ ಹಾಗೆ. ಎರಡೂ ಕಡೆ ಒಂದೇ ದಪ್ಪ ಇರಬೇಕು. ಯಾವ ಕಡೆ ನೋವು ಅಂತ ಎದುರಿನವರಿಗೆ ಗೊತ್ತಾಗಬಾರದು."

ಅವಳೇ ಆರಿಸಿದ್ಲು. ಅವಳೇ ತೊಡಿಸಿ ಪಟ್ಟಿ ಬಿಗಿದ್ಲು.

ಜೂನ್ 14, ಭಾನುವಾರ

ಪ್ರಾಕ್ಟೀಸ್. ಬುಗುರಿ ಬರಲಿಲ್ಲ. ಕೊರಿಯರ್ ಆಫೀಸಲ್ಲಿ ಶಿಫ್ಟ್ ಬದಲಾಯ್ತಂತೆ. ಸ್ಕ್ರಮ್‌ನಲ್ಲಿ ನನ್ನ ಎಡಕ್ಕೆ ಹೊಸಬಳು ನಿಂತ್ಲು. ಅವಳ ತೋಳು ಭುಜದ ಮೇಲೆ ಎಲ್ಲೆಲ್ಲೋ ಬಿತ್ತು. ಬುಗುರಿ ತೋಳಿಗೆ ಅಲ್ಲೊಂದು ಜಾಗ ಇದೆ, ಕುರ್ಚಿ ಕಾಯ್ದಿಟ್ಟ ಹಾಗೆ.

ನೀಲಿ ಗಾರ್ಡ್ ಮೊನ್ನೆಯೇ ತಗೊಂಡು ಹೋದ್ಲು. ಹಾಕ್ಕೊಂಡು ಕನ್ನಡಿ ಮುಂದೆ ಹಲ್ಲು ಕಿಸಿದ್ಲು. ಚೆನ್ನಾಗಿ ಬಂದಿದೆ. ಹೊಗಳ್ಕೋಬಾರದು, ಆದ್ರೂ ಚೆನ್ನಾಗಿ ಬಂದಿದೆ.

ಜೂನ್ 28, ಭಾನುವಾರ

ಇವತ್ತೂ ಇಲ್ಲ. ಮೆಸೇಜ್ ಹಾಕಿದೆ. ನಗೋ ಗೊಂಬೆ ಒಂದು ಬಂತು. ಅಷ್ಟೇ.

ಜುಲೈ 9, ಗುರುವಾರ

ಮಧ್ಯಾಹ್ನ ಮೇಷ್ಟ್ರ ಫೋನ್.

"ಕೂತಿದ್ದೀಯಾ?"

"ಕೂತೇ ಕೆಲಸ ಮಾಡೋದು ಮೇಷ್ಟ್ರೇ, ಹೇಳಿ."

"ಬುಗುರಿ ಹೊಳೆಯಾಚೆ ಕ್ಲಬ್ಬಿಗೆ ಸೇರಿದಾಳಮ್ಮ. ತಿಂಗಳ ಮೇಲಾಯ್ತಂತೆ. ನಿಂಗೂ ಹೇಳಿಲ್ವಾ?"

ಹೊಳೆಯಾಚೆಯವರು. ಹತ್ತೊಂಬತ್ತಕ್ಕೆ ಸೆಮಿಫೈನಲ್ ಇರೋದೇ ಅವರ ಮೇಲೆ.

"ಅವರದ್ದು ಹಳದಿ ಜೆರ್ಸಿ ಅಲ್ವಾ ಮೇಷ್ಟ್ರೇ?"

"ಈ ವರ್ಷ ಬದಲಾಯಿಸಿದ್ದಾರಂತೆ. ನೀಲಿ."

ಅಯ್ಯೋ ನನ್ನ ಪೆದ್ದುತನವೇ. ನನ್ನ ಕೈಯಾರೆ ಮಾಡಿಕೊಟ್ಟೆನಲ್ಲ! ಪಾಲಿಶ್ ಮಾಡಿ, ಡಬ್ಬಿಗೆ ಹಾಕಿ, ಬುಗುರಿ ಅಂತ ಚಂದದ ಅಕ್ಷರದಲ್ಲಿ ಬರೆದು. ಅವಳು ನನ್ನ ಕುರ್ಚೀಲೇ ಕೂತು ನಗ್ತಿದ್ಲು. ಅಂಗಡೀಲಿ ನಮ್ಮ ಹುಡುಗೀರ ಜೊತೆ ಬೂಟು ಆರಿಸ್ತಿದ್ಲು. ಆಗಲೇ ಆ ಕಡೆಯವಳಾಗಿದ್ಲು.

ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಕಟ್.

ಹೋಗೋರು ಹೋಗ್ಲಿ. ಅವರಿಗೆ ಸ್ವಂತ ಮೈದಾನ ಇದೆ, ಬಸ್ಸಿದೆ, ಬಿಸಿನೀರಿನ ಸ್ನಾನದ ಮನೆ ಇದೆ. ನಮ್ಮಲ್ಲಿ ಒಂದು ನಲ್ಲಿ, ಅದೂ ತೊಟ್ಟಿಕ್ಕುತ್ತೆ. ಆದ್ರೆ ಮುಖಕ್ಕೆ ಹೇಳಿ ಹೋಗಬಹುದಿತ್ತಲ್ಲ? ಹೋಗ್ತೀನಿ ಕಣೇ ಅಂದಿದ್ರೆ ಒಂದು ವಾರ ಬೈದು, ಆಮೇಲೆ ನಾನೇ ನೀಲಿ ಮಾಡಿಕೊಡ್ತಿದ್ದೆ.

ಅತ್ತೆಗೆ ಹೇಳಿದೆ. ಅವರು ಪಾತ್ರೆ ತೊಳೀತಿದ್ರು. "ನಿನ್ನ ಭುಜದ ವಿಷಯ ಅವಳಿಗೆ ಗೊತ್ತಲ್ವಾ?"

"ಗೊತ್ತು. ಹೇಳಲ್ಲ ಅತ್ತೆ. ಅಷ್ಟು ಕೀಳಲ್ಲ ಅವಳು."

ಅತ್ತೆ ಇನ್ನೊಂದು ಪಾತ್ರೆ ಎತ್ಕೊಂಡ್ರು. ಸದ್ದು ಜಾಸ್ತಿ ಆಯ್ತು.

ಜುಲೈ 19, ಭಾನುವಾರ. ಬೆಳಿಗ್ಗೆ

ಬೂಟು ಒರೆಸಿದೆ. ಪ್ಯಾಡ್ ಹಾಕ್ಕೊಂಡೆ. ಪಟ್ಟಿ ಬಿಗಿಯೋಕೆ ನಮ್ಮನೆಯವರನ್ನ ಕರೆದೆ, ಸೀಟ್ ಬೆಲ್ಟ್ ಎಳೆದ ಹಾಗೆ ಎಳೆದ್ರು.

ನಮ್ಮಲ್ಲೊಂದು ಪದ್ಧತಿ. ಮೈದಾನಕ್ಕೆ ಇಳಿಯೋ ಮೊದಲು ಜೋಡಿ ಜೋಡಿಯಾಗಿ ಒಬ್ಬರ ಬೂಟಿನ ತಳ ಒಬ್ಬರು ಅಂಗೈಯಲ್ಲಿ ಸವರಿ ನೋಡೋದು. ಚೂಪಿದ್ರೆ ಕಲ್ಲಿಗೆ ಉಜ್ಜೋದು. ರೆಫರಿ ನೋಡ್ತಾರೆ ನಿಜ, ಅದಕ್ಕೆ ಮುಂಚೆ ನಾವು. ಇಷ್ಟು ವರ್ಷ ನಂದು ಅವಳೇ ನೋಡಿದ್ದು.

ಮೇಷ್ಟ್ರಿಗೆ ಭುಜದ ವಿಷಯ ಹೇಳಿದ್ರೆ ಇವತ್ತು ಕೂರಿಸ್ತಾರೆ. ಹೇಳಲ್ಲ. ಗೊತ್ತಿರೋಳು ಒಬ್ಬಳೇ. ಅವಳು ಹೇಳಿರಲ್ಲ.

ಜುಲೈ 21, ಮಂಗಳವಾರ

ಬರೆಯೋದು ಬಲಗೈಯಲ್ಲಾದದ್ದು ಪುಣ್ಯ. ಎಡಗೈ ಕುತ್ತಿಗೆಗೆ ಕಟ್ಟಿದ ಜೋಳಿಗೇಲಿ.

ಹೇಳಿದ್ದಾಳೆ.

ಮೊದಲಿಂದ ಬರೀತೀನಿ, ಇಲ್ಲಾಂದ್ರೆ ತಲೆ ಸಿಡಿಯುತ್ತೆ. ಮೊದಲ ಸ್ಕ್ರಮ್. ಎದುರಿನ ಸಾಲಿನ ನಡುವೆ ಅವಳು. ಎರಡು ಸಾಲೂ ತಲೆ ಬಗ್ಗಿಸಿ ಕೂಡಿದಾಗ ಅವಳ ಭುಜ ಬರೋದು ಸರಿಯಾಗಿ ನನ್ನ ಎಡಭುಜಕ್ಕೆ. ಕೆನ್ನೆಗೆ ಕೆನ್ನೆ ತಾಗೋ ಅಷ್ಟು ಹತ್ರ. ಯಾಕೇ ಅಂತ ಕೇಳಿದೆ. ಅವಳ ಬಾಯಲ್ಲಿ ನಾನು ಮಾಡಿದ ನೀಲಿ ಗಾರ್ಡ್. ಮ್ ಅಂತ ಏನೋ ಸದ್ದು ಬಂತು. ಮೆತ್ತಗೆ ಒತ್ತಿದ್ಲು. ತೀರಾ ಮೆತ್ತಗೆ, ಮಗೂನ ಮಲಗಿಸಿದ ಹಾಗೆ. ನನಗೆ ಆಗ ಎಂಥಾ ಖುಷಿ! ನೋಡು, ನನ್ನ ಭುಜ ಕಾಯ್ತಿದ್ದಾಳೆ, ಯಾರಿಗೂ ಹೇಳಿಲ್ಲ ಅಂತ. ಥೂ.

ಆಮೇಲೆ ಅವರು ಓಡೋಕೆ ಶುರು ಮಾಡಿದ್ರು. ಚೆಂಡು ಹಿಡಿದವಳು ನನ್ನ ಎಡಕ್ಕೇ ಬಂದ್ಲು. ಬೀಳಿಸಿದೆ. ಇನ್ನೊಬ್ಬಳೂ ಎಡಕ್ಕೇ. ಆಕಸ್ಮಿಕ ಅಂದ್ಕೊಂಡೆ. ಮತ್ತೊಬ್ಬಳು ಬಲಗಡೆ ಬಯಲು ಬಿದ್ದಿದ್ರೂ ಅದನ್ನ ಬಿಟ್ಟು, ತಿರುಗಿ, ಹುಡುಕ್ಕೊಂಡು ಬಂದ್ಲು ನನ್ನ ಎಡಭುಜಾನ. ಆಗ ಗೊತ್ತಾಯ್ತು. ಪ್ಯಾಡ್ ಎರಡೂ ಕಡೆ ಒಂದೇ ದಪ್ಪ. ನೋಡಿ ಕಂಡುಹಿಡಿಯೋಕೆ ಯಾರಿಂದಲೂ ಆಗಲ್ಲ.

ಹೊರಗೆ ಹೋಗಬಹುದಿತ್ತು. ಹೋಗಲಿಲ್ಲ. ಸಿಟ್ಟು. ಬಾ ನೋಡೋಣ ಅಂತ ನಿಂತೆ. ಅವರ ಟೀಮಿನ ಎತ್ತರದವಳು ಬಂದ್ಲು, ತೋಳು ಚಾಚಿದೆ. ಸದ್ದು ಬಂತು. ಆ ಸದ್ದು ನನಗೆ ಗೊತ್ತು.

ಬಿದ್ದಲ್ಲಿಂದ ಕಂಡಿದ್ದು ಬೂಟುಗಳು. ಅದರಲ್ಲಿ ಒಂದು ಜೊತೆ ಹತ್ರ ಬಂತು, ನಿಂತ್ಕೊಂಡಿತು, ಹಿಂದಕ್ಕೆ ಹೋಯ್ತು. ಅವಳದ್ದೇ. ನಾನೇ ಆರಿಸಿಕೊಟ್ಟ ಬೂಟು ನನಗೆ ಗೊತ್ತಾಗಲ್ವಾ?

ಆಪರೇಷನ್ ಅಂದ್ರು ಡಾಕ್ಟರ್. ಆಟದ ಮಾತು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಜುಲೈ 24, ಶುಕ್ರವಾರ

ಬಂದಿದ್ಲು. ಬಾಗಿಲು ತೆಗೆದಿದ್ದು ಅತ್ತೆ. "ಇದ್ದಾಳೆ. ಕೂತ್ಕೋ. ಕಾಫಿ ಕೊಡಲ್ಲ" ಅಂದು ಒಳಗೆ ಹೋದ್ರು. ಜೀವಮಾನದಲ್ಲಿ ಯಾರಿಗೂ ಹಾಗಂದವರಲ್ಲ.

"ನೋವಿದ್ಯಾ?"

"ಇಲ್ಲ, ಶೋಕಿಗೆ ಕಟ್ಕೊಂಡಿದ್ದೀನಿ."

ತಲೆ ತಗ್ಗಿಸಿದ್ಲು. ನಾನೇ ಕೇಳಿದೆ. ಹೇಳಿದ್ಯಾ ಇಲ್ವಾ?

"ಅಲ್ಲಿ ಯಾರೂ ನನ್ನ ನಂಬ್ತಿರಲಿಲ್ಲ ಕಣೇ. ಹಸಿರು ಟೀಮಿನವಳು ಅಂತ ದೂರಾನೇ ಇಟ್ಟಿದ್ರು. ಸೆಮಿಫೈನಲ್‌ಗೆ ಮುಂಚೆ ನಿಮ್ಮ ಬಗ್ಗೆ ಏನಾದ್ರೂ ಹೇಳು ಅಂದ್ರು. ಬಾಯಿಂದ ಬಂದ್ಬಿಡ್ತು."

"ಬಂದ್ಬಿಡ್ತಾ? ಅಷ್ಟು ಚೆನ್ನಾಗಿ ಮುಚ್ಚಳ ಮಾಡಿಕೊಟ್ಟಿದ್ದೆ, ಮುಚ್ಕೊಳ್ಳೋಕಾಗಲಿಲ್ವಾ?"

"ಕಳಚಲಿ ಅಂತ ಹೇಳಿಲ್ಲ ಕಣೇ, ನನ್ನಾಣೆ. ಆ ಕಡೆ ತೋಳು ಚಾಚೋಕೆ ಹೆದರ್ತಾಳೆ, ಆ ಕಡೆಯಿಂದ ಓಡಿ ಅಂದೆ. ಅಷ್ಟೇ. ಸ್ಕ್ರಮ್‌ನಲ್ಲಿ ನಾನು ಜೋರಾಗಿ ಒತ್ತಿದ್ನಾ? ನೀನೇ ಹೇಳು, ಒತ್ತಿದ್ನಾ?"

ಅದೇ ನಂಗೆ ತಡೆಯೋಕಾಗದ್ದು. ನೀನೇ ಒತ್ತಿ ಮುರಿದಿದ್ರೆ ಆಟ ಅಂತ ಬಿಡ್ತಿದ್ದೆ ಅಂದೆ. ನಿನ್ನ ಕೈ ಚೊಕ್ಕವಾಗಿಟ್ಕೊಂಡು ಇನ್ನೊಬ್ಬರ ಕೈಲಿ ಮಾಡಿಸಿದ್ಯಲ್ಲ. ಎದ್ದು ಹೋಗು ಅಂದೆ.

ಹೋದ್ಲು. ಅತ್ತೆ ನನ್ನ ಮುಂದೆ ಕಾಫಿ ತಂದಿಟ್ರು. ಅಳೋ ತನಕ ಪಕ್ಕದಲ್ಲೇ ಕೂತಿದ್ರು, ಅತ್ತ ಮೇಲೂ.

ಆಗಸ್ಟ್ 11, ಮಂಗಳವಾರ

ಆಪರೇಷನ್ ಆಯ್ತು. ಲ್ಯಾಬಿಗೆ ಸುಮ್ನೆ ಹೋಗಿ ಕೂತ್ಕೊಳ್ತೀನಿ, ಮನೇಲಿದ್ರೆ ಹುಚ್ಚು ಹಿಡಿಯುತ್ತೆ.

ಅವಳ ಮೆಸೇಜ್. "ಬಂಡೆ, ಗಾರ್ಡ್ ಸೀಳಿದೆ. ಭಾನುವಾರ ಫೈನಲ್. ಬೇರೆಯವರ ಹತ್ರ ಬಾಯಿ ತೆಗೆಯೋಕಾಗಲ್ಲ, ನಿಂಗೊತ್ತಲ್ಲ. ಅಚ್ಚು ನಿನ್ನ ಹತ್ರಾನೇ ಇದೆ. ಪ್ಲೀಸ್."

ಏನು ಧೈರ್ಯ! ನನಗೆ ಫೈನಲ್ ಇಲ್ಲ, ಮುಂದಿನ ವರ್ಷ ಇಲ್ಲ. ಇವಳಿಗೆ ಹಲ್ಲಿನ ಚಿಂತೆ.

ಅಚ್ಚು ಕೆಳಗಿಳಿಸಿದೆ. ಎಡಗಡೆ ಮುಂದಿನ ಹಲ್ಲು ಹೆಬ್ಬೆರಳಲ್ಲಿ ಸವರಿದೆ. ಇಲ್ಲಿ ಒಂದು ಪದರ ಕಡಿಮೆ ಹಾಕಿದ್ರೆ ಮುಗೀತು. ನೋಡೋಕೆ ಚೆನ್ನಾಗೇ ಇರುತ್ತೆ. ಒಂದು ಮೊಣಕೈ ತಾಗಿದ್ರೆ ಸಾಕು, ಎಲ್ಲರೆದುರು ಉದುರುತ್ತೆ. ನಾನೇನೂ ಒತ್ತಬೇಕಾಗಿಲ್ಲ. ಅವಳ ಹಾಗೇನೇ.

ಯೋಚನೆ ಸಿಹಿಯಾಗಿತ್ತು. ಸುಳ್ಳು ಯಾಕೆ ಬರೀಲಿ.

ಆಗಸ್ಟ್ 13, ಗುರುವಾರ. ಸಂಜೆ

ಮಾಡಿದೆ. ಒಂದು ಕೈಯಲ್ಲಿ. ಯಜಮಾನರು ಅಚ್ಚು ಹಿಡ್ಕೊಂಡ್ರು, ನಾನು ಪ್ಲಾಸ್ಟಿಕ್ ಶೀಟ್ ಬಿಸಿ ಮಾಡಿ ಅದರ ಮೇಲೆ ಎಳೆದೆ. ಆ ಹಲ್ಲಿನ ಮೇಲೆ ಒಂದು ಪದರ ಹೆಚ್ಚೇ ಹಾಕಿದೆ. ಬಲಗಡೆಗೂ ಅಷ್ಟೇ ಹಾಕಿದೆ. ಎರಡೂ ಕಡೆ ಒಂದೇ ದಪ್ಪ.

ಕ್ಷಮಿಸಿಲ್ಲ. ಯಾರ ಬಾಯಿಗೂ ಇವತ್ತಿನವರೆಗೆ ಕೆಟ್ಟ ಕೆಲಸ ಮಾಡಿಲ್ಲ, ಇವಳಿಂದ ಶುರು ಮಾಡಲ್ಲ, ಅಷ್ಟೇ. ಡಬ್ಬಿ ಮೇಲೆ ಬುಗುರಿ ಅಂತ ಬರೀಲಿಲ್ಲ. ಬೇರೆ ಗಿರಾಕಿಗಳ ತರ ಪೂರ್ತಿ ಹೆಸರು ಬರೆದೆ. ಬಿಲ್ಲೂ ಇಟ್ಟೆ, ಮೊದಲ ಸಲ.

ಈಗ ಮನೆಗೆ ಬಂದಿದ್ದಾಳೆ. ಅತ್ತೆ ಕೈಲಿ ಡಬ್ಬಿ ಕೊಟ್ಟು ಕಳಿಸಿದೆ, ನಾನು ಒಳಗೇ ಇದ್ದೀನಿ. ಕಿಟಕಿ ತೆರೆದಿದೆ. ಗೇಟಲ್ಲಿ ನಿಂತು ಅತ್ತೇನ ಕೇಳ್ತಿದ್ದಾಳೆ. ಅವಳ ಗಂಟಲು ಗೊತ್ತಲ್ಲ, ಮೈದಾನದ್ದು. ಎಡಭುಜ ಹೇಗಿದೆ ಅಂತ. ಎಡಭುಜ ಅಂತಾನೇ. ಬರೀ ಭುಜ ಅನ್ನಬಹುದಿತ್ತಲ್ಲ, ಇಡೀ ಬೀದಿಗೆ ಕೇಳೋ ಹಾಗೆ ಎಡ ಅಂತ ಯಾಕೆ ಹೇಳಬೇಕಿತ್ತು? ಈ ಬಾಯಿಗೆ ಎಷ್ಟು ಪದರ ಹಾಕಿದ್ರೂ ಅಷ್ಟೇ.