ಎಡಗಡೆಯ ಹಾಳೆಗಳು

ಹೊಸಕೋಟೆ
೧೯-೫-೧೯೭೪

ವರಲಕ್ಷ್ಮಕ್ಕನಿಗೆ,

ಹೆಸರಿನ ಹಿಂದೆ ‘ಪ್ರೀತಿಯ’ ಎಂದು ಬರೆದಿದ್ದೆ. ಆಮೇಲೆ ಗೀಟು ಎಳೆದೆ. ಗೀಟಿನ ಕೆಳಗೆ ಆ ಶಬ್ದ ಇನ್ನೂ ಕಾಣುತ್ತದೆ, ಇರಲಿ.

ನೀನು ಕಳಿಸಿದ ಅರ್ಜಿ ಮಂಗಳವಾರದ ಟಪಾಲಿನಲ್ಲಿ ಬಂತು. ನಮ್ಮಂಥ ರಿಜಿಸ್ಟರ್ಡ್ ನರ್ಸುಗಳು ಬಿ.ಎಸ್ಸಿ. ಪದವಿಗೆ ಸೇರಲು ಹಾಕುವ ಅರ್ಜಿ. ಶಿಫಾರಸಿನ ಜಾಗದಲ್ಲಿ ನಿನ್ನ ಸಹಿ, ಅದರಡಿ ನಿನ್ನ ಹೊಸ ಪದವಿ, ಹೊಸ ಹುದ್ದೆ. ಜೊತೆಗೊಂದು ಚೀಟಿ. “ಅಶ್ವತ್ಥಿ, ಮಾತು ಉಳಿಸ್ಕೊಂಡಿದ್ದೀನಿ. ಈ ಸಲ ಸೀಟು ನಿಂದೇ. ನನಗೀಗ ಐದು ತಿಂಗಳು. ಹಳೇ ನೋಟ್‌ಬುಕ್ಕಿನ ವಿಚಾರ ಮಾತ್ರ ಯಾರ ಹತ್ರಾನೂ ಎತ್ತಬೇಡ ಕಣೆ.” ಆ ಕೊನೆಯ ಸಾಲು ಇಲ್ಲದಿದ್ದರೆ ನಿನ್ನನ್ನು ಕ್ಷಮಿಸಿಬಿಡುತ್ತಿದ್ದೆನೋ ಏನೋ.

ಪದವಿ ನನಗೆ ಬೇಡ ಎಂದರೆ ಸುಳ್ಳಾಗುತ್ತದೆ. ಎಷ್ಟು ಬೇಕಿತ್ತು ಎಂಬುದು ನಿನಗೊಬ್ಬಳಿಗೇ ಗೊತ್ತು. ಮೂರು ವರ್ಷ ತರಬೇತಿ, ಕೌನ್ಸಿಲ್‌ನಲ್ಲಿ ನೋಂದಣಿ, ಅಂಗಡಿಯಲ್ಲಿ ಕಟ್ಟು ಹಾಕಿಸಿದ ಸರ್ಟಿಫಿಕೇಟು. ಇಷ್ಟೆಲ್ಲ ಆದ ಮೇಲೂ ಡಾಕ್ಟರಿಗೆ ನಾವು ಟ್ರೇ ಹಿಡಿಯುವ ಕೈ ಮಾತ್ರ. ಮೆಜೆಸ್ಟಿಕ್ಕಿನಲ್ಲಿ ಕೊಂಡ ಕರಪತ್ರ, ಕಿರುಹೊತ್ತಿಗೆಗಳನ್ನು ಹಾಸ್ಟೆಲಿನ ಮಂಚದ ಮೇಲೆ ಹರಡಿಕೊಂಡು ನಾನು ಗಟ್ಟಿಯಾಗಿ ಓದುತ್ತಿದ್ದರೆ ನೀನು ನಗುತ್ತಿದ್ದೆ. “ಇವಳು ಸೂಜಿ ಚುಚ್ಚೋಕೆ ಮುಂಚೆ ಭಾಷಣ ಚುಚ್ತಾಳೆ, ರೋಗಿ ಅರ್ಧ ಅದಕ್ಕೇ ಹೋಗ್ಬಿಡ್ತಾನೆ” ಎನ್ನುತ್ತಿದ್ದೆ. ನಾನೂ ನಗುತ್ತಿದ್ದೆ. ಆದರೆ ಜ್ಞಾನ ಯಾರೊಬ್ಬರ ಆಸ್ತಿಯೂ ಅಲ್ಲ ಎಂಬ ಮಾತಿಗೆ ನೀನು ನಗಲಿಲ್ಲ. ತಲೆಯಾಡಿಸಿದ್ದೆ. ನಾನು ನಂಬಿದ್ದು ಆ ತಲೆಯಾಡಿಸಿದ್ದನ್ನು.

ನಮ್ಮ ಆಸ್ಪತ್ರೆಗೆ ಎರಡು ವರ್ಷಕ್ಕೊಂದೇ ಸೀಟು ಎಂದು ತಿಳಿದಾಗ, ಹಾಸ್ಟೆಲಿನಲ್ಲಿ ನಾನು ಅಕ್ಕ ಎಂದು ಕರೆದವಳು, ದೊಡ್ಡವಳು, ನೀನು ಮೊದಲು ಹೋಗುವುದೆಂದು ಮಾತಾಯಿತು. ಹೋದವಳು ಕಲಿತು ಬಂದು ಹಳ್ಳಿಯ ಸೂಲಗಿತ್ತಿಯರಿಗೆ ಕಲಿಸಬೇಕು, ಉಳಿದವಳನ್ನು ಮೇಲಕ್ಕೆ ಎಳೆದುಕೊಳ್ಳಬೇಕು. ಇಲ್ಲಿನ ಬಸ್ ಸ್ಟಾಂಡಿನಲ್ಲಿ ನನ್ನ ನೋಟ್‌ಬುಕ್ಕನ್ನು ಪೇಪರಿನಲ್ಲಿ ಸುತ್ತಿ ನಿನ್ನ ಕೈಗಿಟ್ಟೆ. “ಪದವಿ ಒಂದೇ ಕಣೆ, ಅದು ಇಬ್ಬರದೂ” ಎಂದೆ ನೀನು.

ಆ ಪುಸ್ತಕ ಹೇಗೆ ಹುಟ್ಟಿತೆಂದು ನಿನಗೆ ಗೊತ್ತು. ರಜೆ ಸಿಕ್ಕಾಗಲೆಲ್ಲ ಅನುಗೊಂಡನಹಳ್ಳಿಗೆ ಹೋಗಿ ಮುನಿತಾಯಮ್ಮನ ಜಗಲಿಯಲ್ಲಿ ಕೂರುತ್ತಿದ್ದೆ. ನಮ್ಮೂರಿನಲ್ಲಿ ಮೂವತ್ತು ವರ್ಷ ಹೆರಿಗೆ ಮಾಡಿಸಿದ ಕೈ ಅದು. ಹೊಕ್ಕುಳಬಳ್ಳಿಯನ್ನು ಕುಡುಗೋಲಿನಲ್ಲಿ ಕೊಯ್ದು ಬೂದಿ ಹಚ್ಚುತ್ತಿದ್ದ ಕಾಲದಲ್ಲಿ ಧನುರ್ವಾಯುವಿಗೆ ಮೂರು ಕೂಸು ಹೋದದ್ದನ್ನು ಅವಳು ನನ್ನೆದುರು ಬಾಯಿಬಿಟ್ಟು ಹೇಳಿದಳು. ಯಾರೂ ಕೇಳಿರಲಿಲ್ಲ, ಅವಳಾಗಿಯೇ ಹೇಳಿದ್ದು. ಬ್ಲೇಡು, ದಾರ ಕುದಿಸುವುದನ್ನು ನಾನು ತೋರಿಸಿಕೊಟ್ಟೆ. ಎಷ್ಟು ಹೊತ್ತು ಎಂದು ಕೇಳಿದಳು. ಇಪ್ಪತ್ತು ನಿಮಿಷ ಎಂದೆ. ಅವಳ ಮನೆಯಲ್ಲಿ ಗಡಿಯಾರ ಎಲ್ಲಿದೆ? “ಪಕ್ಕದ ಒಲೆ ಮೇಲೆ ಮುದ್ದೆಗೆ ಎಸರಿಕ್ಕಿ, ಮುದ್ದೆ ಆಗಿ ಇಳಿಸೋಗಂಟ ಕುದುಸ್ತೀನಿ, ಸಾಕಾ?” ಎಂದಳು. ನನ್ನ ಗಡಿಯಾರ ಇಟ್ಟು ನೋಡಿದೆ, ಸಾಕಿತ್ತು. ಆಮೇಲೆ ಅವಳ ಕೈಯಲ್ಲಿ ಧನುರ್ವಾಯುವಿಗೆ ಒಂದು ಕೂಸೂ ಹೋಗಲಿಲ್ಲ. ಹೋದ ಕೂಸುಗಳನ್ನು ಎಡಗಡೆ ಹಾಳೆಯಲ್ಲಿ ಬರೆದೆ, ಉಳಿದವನ್ನು ಬಲಗಡೆ. ಎಡಗಡೆ ಹೆಚ್ಚಿನ ಹಾಳೆಗಳು ಖಾಲಿ. ಬಲಗಡೆ ಜಾಗ ಸಾಲದೆ ಅಂಚಿನಲ್ಲೂ ಬರೆದಿದ್ದೆ.

ಹೋದ ತಿಂಗಳು ನಮ್ಮ ಡಾಕ್ಟರು ಒಂದು ಇಂಗ್ಲಿಷ್ ಪುಸ್ತಿಕೆ ಕೊಟ್ಟು, ತಾಲ್ಲೂಕಿನಲ್ಲಿ ಹೆರಿಗೆ ನೋಡುವ ದಾಯಿ ನರ್ಸುಗಳನ್ನು ಕೂರಿಸಿಕೊಂಡು ಕನ್ನಡದಲ್ಲಿ ಓದಿ ಹೇಳು ಎಂದರು. ಮೇಲೆ ನಿನ್ನ ಹೆಸರು. ಎದೆ ಉಬ್ಬಿತು ಕಣಕ್ಕ. ನಮ್ಮ ಅಕ್ಕ ಬರೆದದ್ದು ಎಂದು ಎಲ್ಲರಿಗೂ ಹೇಳಿಯೇ ಶುರು ಮಾಡಿದೆ. ಎರಡನೆಯ ಪುಟದಲ್ಲಿ ನಾಲಿಗೆ ತಡವರಿಸಿತು. ನಿನ್ನ ಇಂಗ್ಲಿಷಿನಲ್ಲಿದ್ದವು ನನ್ನವೇ ವಾಕ್ಯಗಳು. ಅವನ್ನು ನಾನೇ ಮತ್ತೆ ಕನ್ನಡಕ್ಕೆ ತಿರುಗಿಸಿ ಓದುತ್ತಿದ್ದೆ. ನನ್ನ ಹೆಸರು ಎಲ್ಲೂ ಇರಲಿಲ್ಲ, ಅದು ಹೋಗಲಿ. ಮುನಿತಾಯಮ್ಮನ ಹೆಸರಿತ್ತು, ಊರಿನ ಸಮೇತ. ಅನಕ್ಷರಸ್ಥೆ, ಕಾಲದ ಅರಿವಿಲ್ಲದವಳು, ಮೂರು ಶಿಶುಗಳ ಸಾವಿಗೆ ಕಾರಣಳಾದವಳು. ಬ್ಲೇಡು ಕುದಿಸಿದ್ದು ಒಂದು ಸಾಲೂ ಇಲ್ಲ. ಎಡಗಡೆಯ ಹಾಳೆಗಳನ್ನು ಮಾತ್ರ ಇಳಿಸಿಕೊಂಡಿದ್ದೆ ನೀನು. ನಡುವೆ ನಿಲ್ಲಿಸಿ ನೀರು ಕುಡಿದೆ. ಆಮೇಲೆ ಮುಂದಿನದನ್ನೂ ಓದಿದೆ. ಆ ದಿನ ಎದ್ದು ಹೋಗದೆ ಓದಿ ಮುಗಿಸಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆ.

ಪುಸ್ತಿಕೆಯ ಹಿಂದೆಯೇ ಆರೋಗ್ಯ ಇಲಾಖೆಯ ಆದೇಶ ಬಂತು. ಮುನಿತಾಯಮ್ಮ ಇನ್ನು ಹೆರಿಗೆಗೆ ಕೈ ಹಾಕಿದರೆ ಪೊಲೀಸರಿಗೆ ಹೇಳಲಾಗುವುದು ಎಂದು ಚಾವಡಿಯಲ್ಲಿ ಓದಿದರಂತೆ. ಹದಿನೈದು ದಿನಕ್ಕೆ ಅದೇ ಊರಿನ ಬಸುರಿ ಕದಿರಮ್ಮನಿಗೆ ಹಗಲು ಹನ್ನೊಂದು ಗಂಟೆಗೆ ನೋವು ಬಂತು. ಮುನಿತಾಯಮ್ಮನ ಮನೆ ಎದುರಿಗೇ ಇತ್ತು. ಅವಳು ಬಾಗಿಲಲ್ಲಿ ನಿಂತಳು, ಹೊಸಲು ದಾಟಲಿಲ್ಲ. ಗಾಡಿ ಕಟ್ಟಿ ಹೊಸಕೋಟೆಗೆ ಹೊರಟರು. ಕೂಸು ದಾರಿಯಲ್ಲೇ ಹುಟ್ಟಿತು, ಬಳ್ಳಿ ಕುತ್ತಿಗೆಗೆ ಸುತ್ತಿಕೊಂಡು. ಅದನ್ನು ಬಿಡಿಸಲು ಗೊತ್ತಿದ್ದವರು ಗಾಡಿಯಲ್ಲಿ ಯಾರೂ ಇರಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಕೂಸನ್ನು ಕೈಗೆ ತೆಗೆದುಕೊಂಡವಳು ನಾನು. ತಣ್ಣಗಾಗಿತ್ತು.

ಮರುದಿನ ಮುನಿತಾಯಮ್ಮನ ಮನೆಗೆ ಹೋದೆ. ನೀನು ಮಾಡಿದ್ದನ್ನೆಲ್ಲ ಹೇಳಿ ನಿನ್ನನ್ನು ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವಳಿಗೆ ನಿನ್ನ ಹೆಸರೇ ಗೊತ್ತಿಲ್ಲ. ಅವಳು ನಂಬಿ ಹೇಳಿದ್ದು ನನಗೆ. ಬರೆದುಕೊಂಡವಳು ನಾನು. ಅವಳು ರೇಗಲಿಲ್ಲ. ಮೊರದಲ್ಲಿದ್ದ ರಾಗಿ ಕೇರುತ್ತಲೇ ಕೇಳಿದಳು. “ಸತ್ತಿದ್ ಮೂರೂ ಬರ್ಕೊಂಡಿದ್ಯಂತೆ. ನಿನ್ನೂ ನಾನೇ ಅಲ್ಲೇನವ್ವ ಎತ್ಕೊಂಡಿದ್ದು. ಅದ್ನ ಬರ್ದಿದ್ಯಾ?”

ಬರೆದಿದ್ದೆ ಅಕ್ಕ. ಬಲಗಡೆಯ ಮೊದಲ ಹಾಳೆಯ ಮೊದಲ ಹೆಸರು ನನ್ನದೇ. ನೀನು ಅದನ್ನು ಮಗುಚಿ ಮುಂದೆ ಹೋದೆ. ಬರೆದಿದ್ದೇನೆ ಎಂದರೆ ತೋರಿಸಲು ಪುಸ್ತಕ ನನ್ನ ಕೈಯಲ್ಲಿರಲಿಲ್ಲ. ವಾಪಸು ಬಂದೆ. ನೀನು ನನಗೆ ಮಾಡಿದ ದ್ರೋಹ ನನ್ನ ಮುಖ ಹೊತ್ತುಕೊಂಡು ಅವಳ ಮನೆಗೆ ಹೋಗಿತ್ತು.

ಈಗ ನಾನು ಮಾಡಿರುವುದನ್ನು ಹೇಳುತ್ತೇನೆ. ನಿನ್ನ ಹಿಂದಿನಿಂದ ಮಾಡುವುದು ನನಗೆ ಬೇಡ. ಆ ನೋಟ್‌ಬುಕ್ಕು ನನ್ನದು, ಅದರ ಅರ್ಧ ಮಾತ್ರ ಅಚ್ಚಾಗಿದೆ, ಉಳಿದರ್ಧ ಓದಿ ಮುನಿತಾಯಮ್ಮನ ಮೇಲಿನ ಆದೇಶ ತೆಗೆಯಬೇಕು ಎಂದು ಇಲಾಖೆಯ ಮೇಲಿನವರಿಗೆ ಬರೆದಿದ್ದೇನೆ. ಕಾಗದ ಸೋಮವಾರ ಟಪಾಲಿಗೆ ಹೋಗುತ್ತದೆ. ಅರ್ಜಿಯಲ್ಲಿ ನಿನ್ನ ಸಹಿಯ ಮೇಲೆ ಗೀಟು ಹಾಕಿದ್ದೇನೆ. ಗೀಟು ಹಾಕಿದ ಅರ್ಜಿಯನ್ನು ಯಾವ ಕಾಲೇಜೂ ತೆಗೆದುಕೊಳ್ಳುವುದಿಲ್ಲ, ಗೊತ್ತು. ಆದರೂ ತುಂಬಿದೆ. ‘ವೃತ್ತಿಯಲ್ಲಿ ತಮಗೆ ಕಲಿಸಿದವರು’ ಎಂಬ ಕಡೆ ಮುನಿತಾಯಮ್ಮ, ಅನುಗೊಂಡನಹಳ್ಳಿ ಎಂದು ಬರೆದೆ. ಈ ಸಲ ಬೇಡವೆಂದರೆ ಮುಂದಿನ ಸಲ ಹಾಕುತ್ತೇನೆ. ಅದರ ಮುಂದಿನ ಸಲವೂ ಅದೇ ಹೆಸರನ್ನೇ ಬರೆಯುತ್ತೇನೆ.

ನಿನ್ನಿಂದ ಕೇಳುವುದು ಒಂದೇ. ನೋಟ್‌ಬುಕ್ಕನ್ನು ಅಂಚೆಯಲ್ಲಿ ಕಳಿಸಬೇಡ. ನೀನೇ ತಂದು ಅವಳ ಜಗಲಿಯ ಮೇಲೆ ಕೂತು, ಬಲಗಡೆಯ ಹಾಳೆಗಳನ್ನು ಅವಳಿಗೆ ಓದಿ ಹೇಳು, ಕನ್ನಡದಲ್ಲಿ.

ಹೊಸ ಪುಸ್ತಕ ಶುರು ಮಾಡಿದ್ದೇನೆ. ಎಡಗಡೆಯ ಮೊದಲ ಸಾಲಿನಲ್ಲಿ ಕದಿರಮ್ಮನ ಕೂಸು. ಕಾರಣ ಎಂಬಲ್ಲಿ ನಿನ್ನ ಹೆಸರು ಬರೆದು, ಪಕ್ಕದಲ್ಲಿ ನನ್ನದನ್ನೂ ಬರೆದೆ. ಬಲಗಡೆಯ ಮೊದಲ ಸಾಲು ಖಾಲಿ ಇದೆ, ನಿನ್ನ ಮಗುವಿಗೆ. ದಿನ ತುಂಬಿದಾಗ ನಿನಗೆ ಮುನಿತಾಯಮ್ಮನ ಕೈಯಂಥ ಕೈ ಸಿಗಲಿ. ಕೂಸು ಗಟ್ಟಿಯಾಗಿ ಅಳಲಿ.

ಒಂದು ಕಾಲಕ್ಕೆ ನಿನ್ನ ತಂಗಿಯಾಗಿದ್ದ,
ಅಶ್ವತ್ಥಮ್ಮ
ರಿಜಿಸ್ಟರ್ಡ್ ನರ್ಸ್