ಹದಿನಾಲ್ಕರಲ್ಲಿ ಆರನೆಯ ಹೆಸರು

ಅಮೂಲ್ಯ,

ನಿನ್ನ ಹೆಸರಿಗೆ ಮೊದಲು 'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದೆ. ಆ ಮಾತಿಗೆ ನನಗೀಗ ಹಕ್ಕಿಲ್ಲ.

ಚಿಕ್ಕಹನುಮಯ್ಯನವರ ಸಾವಿಗೆ ಕಾರಣವಾದ ತಪ್ಪು ನಿನ್ನದಲ್ಲ, ನನ್ನದು. ಮೊದಲು ಇದನ್ನೇ ಬರೆದುಬಿಡುತ್ತೇನೆ. ತಡಮಾಡಿದರೆ ಮತ್ತೆ ಧೈರ್ಯ ಹೋಗುತ್ತದೆ.

ರಾಮನಗರದ ನಮ್ಮ ಆಫೀಸಿಗೆ ಸೇರಿದಾಗ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ನನಗೆ ಕೆಲಸ ಕಲಿಸಿದವಳು ನೀನು. ನಾನು ಚನ್ನಪಟ್ಟಣದಿಂದ ರೈಲಿನಲ್ಲಿ, ನೀನು ಕನಕಪುರದಿಂದ ಬಸ್ಸಿನಲ್ಲಿ. ಮೊದಲು ಬಂದವರು ಇನ್ನೊಬ್ಬರಿಗೂ ಟೀ ಹೇಳುತ್ತಿದ್ದೆವು. ಮಾಗಡಿಯ ಡಯಾಲಿಸಿಸ್ ಕೇಂದ್ರವೊಂದಕ್ಕೆ ನಾವು ಮಾಡಿಕೊಟ್ಟ ಸಾಫ್ಟ್‌ವೇರ್‌ನಲ್ಲಿ, ರೋಗಿಗಳ ಸರದಿ ಬದಲಾದರೆ ಮೊಬೈಲಿಗೆ ಮೆಸೇಜ್ ಕಳಿಸುವ ಪ್ರೋಗ್ರಾಮ್ ನೀನು ಬರೆದದ್ದು. ಮೊಬೈಲ್ ನಂಬರುಗಳನ್ನೆಲ್ಲ ಒಂದೇ ರೂಪಕ್ಕೆ ತರುವ, ಬೇರೆ ಪ್ರೋಗ್ರಾಮ್‌ಗಳೂ ಬಳಸುವ ಪುಟ್ಟ ಕೋಡ್ ಲೈಬ್ರರಿ ನನ್ನ ಪಾಲಿಗೆ ಬಂತು. ಅದನ್ನು ತಿದ್ದಲು ಕುಳಿತಾಗ ನೀನು ಹೇಳಿದ್ದೆ: "ಅದು ಯಾವ್ಯಾವುದನ್ನ ನಂಬ್ಕೊಂಡೈತೆ ಅಂತ ನೋಡಿದ್ರೆ ಸಾಲ್ದು ಕಣೆ. ಅದನ್ನ ಯಾರ್ಯಾರು ನಂಬ್ಕೊಂಡವ್ರೆ ಅಂತ ಬಿಲ್ಡ್ ಸಿಸ್ಟಮ್‌ನ ಕೇಳು. ಒಂದೇ ಸಾಲಿನ ಕಮಾಂಡ್. ಬಂದ ಪಟ್ಟಿನೆಲ್ಲ ಟೆಸ್ಟ್ ಮಾಡು."

ನಾನು ಕೇಳಲಿಲ್ಲ. ಸಂಜೆಯ ರೈಲು ಹಿಡಿಯಬೇಕಿತ್ತು. ಗೊತ್ತಿದ್ದ ಎರಡು ಕಡೆ ಪರೀಕ್ಷಿಸಿದೆ, ಕೋಡನ್ನೆಲ್ಲ ಜೋಡಿಸುವ ಬಿಲ್ಡ್ ತಕರಾರಿಲ್ಲದೆ ಮುಗಿಯಿತು, ಹೊರಟೆ. ನಂಬರಿನ ಮುಂದೆ ದೇಶದ ಕೋಡ್ ತೊಂಬತ್ತೊಂದು ಸೇರಿಸುವ ಕೆಲಸವನ್ನು ಅಂದಿನಿಂದ ನನ್ನ ಲೈಬ್ರರಿಯೇ ಮಾಡತೊಡಗಿತು. ನಿನ್ನ ಪ್ರೋಗ್ರಾಮ್ ಮೊದಲಿನಂತೆ ತಾನೂ ಸೇರಿಸಿದ್ದರಿಂದ ನಂಬರುಗಳೆಲ್ಲ ತಪ್ಪಾದವು. ಒಂದು ಮೆಸೇಜೂ ಯಾರಿಗೂ ತಲುಪಲಿಲ್ಲ.

ಆ ವಾರ ಮೆಷಿನ್ ರಿಪೇರಿಗೆಂದು ಶುಕ್ರವಾರದವರನ್ನು ಗುರುವಾರಕ್ಕೆ ಹಾಕಿದ್ದರು. ಉಳಿದವರು ಹೇಗೋ ತಿಳಿದು ಬಂದರು. ಕುದೂರಿನ ಚಿಕ್ಕಹನುಮಯ್ಯನವರು ಮಾತ್ರ ಶುಕ್ರವಾರವೇ ಬಸ್ಸಿಳಿದು, ಮುಚ್ಚಿದ ಬಾಗಿಲು ನೋಡಿ ಊರಿಗೆ ವಾಪಸ್ಸಾದರು. ಡಯಾಲಿಸಿಸ್ ತಪ್ಪಿ ಮೈಯಲ್ಲಿ ನೀರು ತುಂಬಿ, ಭಾನುವಾರ ಉಸಿರು ಕಟ್ಟಿ ತೀರಿಕೊಂಡರು.

ಸೋಮವಾರ ಸುದ್ದಿ ಬಂದಾಗ ನೀನು ನನ್ನ ಕಡೆ ತಿರುಗಿ, "ಲತಾ, ನೀನೇನಾದ್ರೂ ಮುಟ್ಟಿದ್ಯೇನೆ?" ಎಂದು ಕೇಳಿದೆ. "ಇಲ್ಲ ಕಣೆ" ಎಂದೆ ನಾನು. ಆಮೇಲೆ ಆ ಕಮಾಂಡ್ ಕೊಟ್ಟೆ. ನನ್ನ ಲೈಬ್ರರಿಯನ್ನು ಅವಲಂಬಿಸಿದ್ದ ಹದಿನಾಲ್ಕು ಹೆಸರು ಬಂದವು. ಆರನೆಯದು ನಿನ್ನ ಪ್ರೋಗ್ರಾಮ್. ಎರಡು ಸೆಕೆಂಡ್ ಹಿಡಿಯಿತು, ಅಷ್ಟೆ. ಯಾರಿಗೂ ಹೇಳದೆ ತಿದ್ದಿ, ಸ್ಕ್ರೀನ್ ಮುಚ್ಚಿಬಿಟ್ಟೆ.

ಮ್ಯಾನೇಜರ್ ನಂಜುಂಡಯ್ಯನವರು ಎಲ್ಲರೆದುರು, "ಮೆಸೇಜ್ ಹೋಯ್ತೋ ಇಲ್ವೋ ನೋಡೋದು ನಿನ್ ಕೆಲ್ಸ ಅಲ್ವೇನಮ್ಮ?" ಎಂದು ನಿನ್ನನ್ನು ನಿಲ್ಲಿಸಿ ಕೇಳಿದಾಗಲೂ ನಾನು ಕೀಬೋರ್ಡ್ ನೋಡುತ್ತಾ ಕುಳಿತಿದ್ದೆ. ಬದಲಾವಣೆಗಳ ದಾಖಲೆಯಲ್ಲಿ ನನ್ನ ಹೆಸರಿತ್ತು. ನನ್ನ ಮಾತು ನಂಬಿ ನೀನು ಅದನ್ನು ತೆರೆಯಲಿಲ್ಲವೋ, ತೆರೆದು ನೋಡಿಯೂ ಸುಮ್ಮನಾದೆಯೋ, ಇವತ್ತಿಗೂ ನನಗೆ ಗೊತ್ತಿಲ್ಲ. ಶನಿವಾರ ನೀನು ಕೆಲಸ ಬಿಟ್ಟು ಹೋದೆ. ಹೋಗುವಾಗ ನನ್ನ ಭುಜ ಮುಟ್ಟಿ, "ಬತ್ತೀನಿ ಕಣೆ" ಎಂದೆ.

ಹನ್ನೊಂದು ತಿಂಗಳಾಯಿತು. ಹೋದ ಭಾನುವಾರ ಕುದೂರಿಗೆ ಹೋಗಿ ಅವರ ಹೆಂಡತಿ ಯಲ್ಲಮ್ಮನವರ ಮುಂದೆ ಎಲ್ಲ ಹೇಳಿದೆ. ಹುರುಳಿ ಕೇರುತ್ತಿದ್ದವರು ಮೊರ ಕೆಳಗಿಟ್ಟರು. ಆಮೇಲೆ ಹೇಳಿದರು: "ತಿಥಿ ದಿನ ಇನ್ನೊಂದ್ ಹೆಣ್ಮಗ ಬಂದಿತ್ತು. ನನ್ನಿಂದ ಹಿಂಗಾಯ್ತು ಅಂತ ಕಾಲ್ ಹಿಡ್ಕಂಡು ಅತ್ಬುಡ್ತು. ನಾನು ಬಾಯಿಗ್ ಬಂದಂಗೆ ಬೈದು ಕಳಿಸ್ಬುಟ್ಟೆ. ಕುಡಿಯೋಕ್ ನೀರೂ ಕೊಡ್ನಿಲ್ಲ. ಈಗ ಅದರ ಮೊಕ ಹೆಂಗವ್ವ ನೋಡ್ಲಿ?"

ನೀನು ಅಲ್ಲಿಗೆ ಹೋಗಿದ್ದೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಹಿಡಿಯಬೇಕಿದ್ದ ಕಾಲುಗಳನ್ನು ನೀನು ಹಿಡಿದೆ. ಗಂಡನನ್ನು ಕಳೆದುಕೊಂಡ ಆ ತಾಯಿಗೆ ಇನ್ನೊಂದು ನೋವನ್ನೂ ನಾನೇ ಹೊರಿಸಿದೆ.

ನಂಜುಂಡಯ್ಯನವರಿಗೂ ಕೇಂದ್ರದವರಿಗೂ ನಡೆದದ್ದನ್ನು ಬರೆದುಕೊಟ್ಟಿದ್ದೇನೆ. ಈ ಪತ್ರವನ್ನು ನೀನು ಯಾರಿಗೆ ಬೇಕಾದರೂ ತೋರಿಸು. ಬರುವ ಭಾನುವಾರ ಯಲ್ಲಮ್ಮನವರು ನಿನ್ನನ್ನು ನೋಡಲು ಕನಕಪುರಕ್ಕೆ ಬರುತ್ತಾರೆ. ಅವರಿಗೆ ಅಷ್ಟು ದೂರ ಒಬ್ಬರೇ ಬಂದು ಗೊತ್ತಿಲ್ಲ. ನಿಮ್ಮ ಬೀದಿಯ ತಿರುವಿನವರೆಗೆ ನಾನು ಕರೆದುಕೊಂಡು ಬರುತ್ತೇನೆ. ಬಾಗಿಲಿಗೆ ಬರುವುದಿಲ್ಲ. ನೀನು ಕರೆಯಬೇಕೆಂದೂ ಇಲ್ಲ.

ನಿನಗೆ ಒಳ್ಳೆಯದಾಗಲಿ ಎಂದು ಮನಸಾರೆ ಬೇಡುತ್ತಾ,
ನಿನ್ನೆದುರು 'ಇಲ್ಲ ಕಣೆ' ಎಂದವಳು,
ಲತಾಮಣಿ