ಅತ್ತಿಗೆಯ ಆಲ್ಮೋಸ್ಟ್

ಜೂನ್ 9, ಸೋಮವಾರ. ಬೆಳಿಗ್ಗೆ

ಬೋರ್ಡ್ ಒರೆಸಿದ್ದಾಯ್ತು. ಡಸ್ಟರ್ ಅಂದರೆ ಅಣ್ಣನ ಹಳೇ ಬನಿಯನ್. ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೊಸ ಅಡ್ಮಿಷನ್ — ಚೌಡೇಶ್ವರಿ ಅತ್ತಿಗೆ. ಕೆಳಗೆ ಅವರ ಮಗ್ಗ, ಮೇಲೆ ನನ್ನ ಕ್ಲಾಸು. ಇಪ್ಪತ್ತು ಮೆಟ್ಟಿಲು ಹತ್ತಿ ಬಂದು ಮೊದಲ ಬೆಂಚಿನಲ್ಲಿ ಕೂತರು. "ಶಿವಪ್ರಕಾಶಾ, ಒಡೀಬ್ಯಾಡ ಕಣಪ್ಪ" ಅಂದರು. ಹೊಡೆಯುವ ಧೈರ್ಯ ಯಾರಿಗಿದೆ? ಮಧ್ಯಾಹ್ನದ ಸಾರು ಅವರ ಕೈಯಲ್ಲಿದೆ.

ದಿಲ್ಲಿಯಲ್ಲೊಬ್ಬ ಬೊಟಿಕ್ ಮೇಡಂ. ದಲ್ಲಾಳಿ ಬೇಡ, ನೇಯುವವರೇ ಫೋನಿನಲ್ಲಿ ಮಾತಾಡಬೇಕು ಎಂಬ ಹಟ. ಸ್ಯಾಂಪಲ್ ಸೀರೆ ಹಿಡಿಸಿದರೆ ವರ್ಷವಿಡೀ ನೂಲು ಅವರೇ ಕಳಿಸುತ್ತಾರಂತೆ. ಇಲ್ಲವಾದರೆ... ಅಣ್ಣ ರುದ್ರಸ್ವಾಮಿ ತೀರ್ಮಾನ ಮಾಡಿಯಾಗಿದೆ. ನೂಲಿಲ್ಲದೆ ನಿಲ್ಲುವ ಮಗ್ಗ ಬಿಚ್ಚುವುದು, ಗುಂಡಿ ಮುಚ್ಚುವುದು, ಟೈಲ್ಸ್ ಹಾಕಿ ರೂಮು ಬಾಡಿಗೆಗೆ.

ಅಪ್ಪ ಆ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದರು. ನಾನು ಮಗ್ಗಿ ಕಲಿತದ್ದು ಮಗ್ಗದ ಪಕ್ಕದಲ್ಲೇ. ಲಾಳಿ ಆ ಕಡೆಗೆ ಹೋದರೆ ಹದಿನೇಳೊಂದಲ ಹದಿನೇಳು, ಈ ಕಡೆಗೆ ಬಂದರೆ ಹದಿನೇಳೆರಡಲ ಮೂವತ್ನಾಲ್ಕು. ಲಾಳಿ ನಿಂತಿತೋ, ನನ್ನ ಲೆಕ್ಕವೂ ನಿಂತಿತು. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಆಗ ಮನೆಮನೆಗೂ ಆ ಸದ್ದು. ಈಗ ಉಳಿದಿರುವುದು ಇದೊಂದೇ.

ಜೂನ್ 11, ಬುಧವಾರ

ಇವತ್ತು 'ಆಲ್ರೆಡಿ'. ಸೀರೆ ಮುಗಿಯಿತಾ ಎಂದೇ ಮೇಡಂ ಮೊದಲು ಕೇಳುವುದು. ಕೆಲಸ ಆಗಿಹೋಗಿದ್ದರೆ ಆಲ್ರೆಡಿ, ಒಂಚೂರು ಬಾಕಿಯಿದ್ದರೆ ಆಲ್ಮೋಸ್ಟ್ — ಬೋರ್ಡ್ ಮೇಲೆ ಬರೆದೆ. ಇವು ಅವ್ಯಯಗಳು ಅಂತಲೂ ಹೇಳಿದೆ. ಕ್ಲಾಸಿನಲ್ಲಿ ವ್ಯಯವಿಲ್ಲದ್ದು ಅದೊಂದೇ. ಯಾರೂ ನಗಲಿಲ್ಲ.

ಹೂಗ್ಯಂನಿಂದ ಬರುವ ಲಿಖಿತಾ ಎದ್ದು ನಿಂತಳು. "ಸಾ, ಟುಮಾರೋ ಐ ಆಲ್ರೆಡಿ ಕಮ್."

"ನಾಳೆ ಬರೋಳು ಆಗಲೇ ಹೆಂಗಮ್ಮ ಬಂದಿರ್ತೀಯ?"

"ನಮ್ಮೂರ್ ಬಸ್ ನಂಬ್ಕಂಡ್ರೆ ಇವತ್ತೇ ಒರಡ್ಬೇಕು, ಸಾ."

ಅತ್ತಿಗೆಯದು ಮಾತ್ರ ಒಂದೂ ತಪ್ಪಿಲ್ಲ. ಐ ಹ್ಯಾವ್ ಆಲ್ರೆಡಿ ಮೇಡ್ ಕಾಫಿ. ದ ಬಸ್ ಹ್ಯಾಸ್ ಆಲ್ರೆಡಿ ಗಾನ್. ಮೈ ಹಸ್ಬೆಂಡ್ ಹ್ಯಾಸ್ ಆಲ್ರೆಡಿ ಶೌಟೆಡ್. ಲಿಖಿತಾ ಚಪ್ಪಾಳೆ ತಟ್ಟಿದಳು. ನನಗಂತೂ ಗೆದ್ದೇಬಿಟ್ಟೆವು ಅನ್ನಿಸಿತು.

ಜೂನ್ 14, ಶನಿವಾರ. ಮಧ್ಯಾಹ್ನ

ಕೆಟ್ಟಿತು.

ಮೇಡಂ ವಿಡಿಯೋ ಕಾಲ್ ಮಾಡಿದರು. ಸೀರೆ ನೇಯ್ದಾಗಿತ್ತು. ಸೆರಗಿನ ಕೊನೆಯ ಎಳೆ ನಿನ್ನೆ ಸಂಜೆಯೇ ಬಿದ್ದದ್ದನ್ನು ಕಣ್ಣಾರೆ ನೋಡಿದ್ದೇನೆ. ಮುಗಿಯಿತಾ ಅಂತ ಅವರು ಕೇಳಿದರು. ಅತ್ತಿಗೆ ಗಟ್ಟಿ ದನಿಯಲ್ಲಿ, "ಆಲ್ಮೋಸ್ಟ್, ಮೇಡಂ."

ಇನ್ನೂ ಎಷ್ಟು ದಿನ? "ಆಲ್ಮೋಸ್ಟ್, ಮೇಡಂ." ನಾನು ಫೋನಿನ ಹಿಂದೆ ನಿಂತು ಆಲ್ರೆಡಿ, ಆಲ್ರೆಡಿ ಅಂತ ಬಾಯಾಡಿಸಿದೆ. ಮೀನಿನ ಹಾಗೆ. ಮೇಡಂ ಮುಖ ಬಿಗಿಯಾಯಿತು. ಹೋದ ವಾರವೇ ಕೊಡಬೇಕಿತ್ತಲ್ಲ, ಬರುವ ವಾರದ ಕೊನೆಯವರೆಗೆ ನೋಡುತ್ತೇನೆ, ಆಗದಿದ್ದರೆ ಬೇರೆಯವರಿಗೆ ಅಂದು ಇಟ್ಟುಬಿಟ್ಟರು.

"ಅತ್ತಿಗೆ, ಬರ್ತಿತ್ತಲ್ಲ ನಿಮ್ಗೆ! ಆಲ್ರೆಡಿ ಅನ್ನೋಕೆ ಏನಾಗಿತ್ತು?"

"ಮಗ್ಗದ ಮ್ಯಾಲಿರೋದ್ನ ಮುಗೀತು ಅಂತ ಯಾರಾದ್ರೂ ಅಂದಾರ್ಲಾ? ಒಸಾ ಹಾಸು ಬೆಸೆದ ಮ್ಯಾಲೆ ಆ ಮಾತು. ಬಾಯ್ ತಪ್ಪಿ ಅಂದ್ರೆ ಮಗ್ಗ ನಿಂತೋಯ್ತದೆ. ನಿಮ್ಮವ್ವ ಏಳ್ಕೊಟ್ಟಿದ್ದು."

"ಅದು ಕನ್ನಡದಲ್ಲಿ, ಅತ್ತಿಗೆ."

"ಮಗ್ಗಕ್ಕೆ ಇಂಗ್ಲಿಷ್ ಬರಲ್ಲ ಅಂತ ನಿಂಗೆ ಯಾರ್ ಏಳಿದ್ರು?"

ಅವ್ವನ ನೆನಪು ಬಂತು. ಹಬ್ಬದ ಹಿಂದಿನ ದಿನ ಸೀರೆ ತಗೊಂಡು ಹೋಗುವವರು ಬಾಗಿಲಲ್ಲಿ ನಿಂತು "ಆಯ್ತೇನವ್ವಾ?" ಅಂದರೆ, ಅವ್ವ ಒಳಗಿಂದ "ಇನ್ನೊಂಚೂರು" ಅನ್ನುತ್ತಿದ್ದಳು. ಕೂಗಿದವರೂ ಬಯ್ಯುತ್ತಿರಲಿಲ್ಲ, ನಗುತ್ತ ಜಗಲಿಯಲ್ಲಿ ಕೂರುತ್ತಿದ್ದರು. ಊರಿಗೆಲ್ಲ ಅದರ ಅರ್ಥ ಗೊತ್ತಿತ್ತು. ದಿಲ್ಲಿಗೆ ಹೇಗೆ ಗೊತ್ತಾಗಬೇಕು?

ಹಾಸು ಅಂದರೆ ಮಗ್ಗದ ಉದ್ದಕ್ಕೆ ಬಿಗಿದ ಎಳೆಗಳು. ಹಳೇ ಹಾಸಿನ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಹೊಸೆಯುವುದೇ ಬೆಸೆಯುವುದು. ಹೊಸ ಹಾಸಿಗೆ ನೂಲು ಬೇಕು. ನೂಲು ಬರುವುದು ಮೇಡಂ ಒಪ್ಪಿದ ಮೇಲೆ. ಮೇಡಂ ಒಪ್ಪುವುದು ಮುಗಿಯಿತು ಅಂದ ಮೇಲೆ... ತಲೆ ಸುತ್ತಿತು. ನಾನೇ ಫೋನ್ ಮಾಡಿ ವಿವರಿಸುತ್ತೇನೆ ಅಂದೆ. "ನೀ ಆಡುದ್ರೆ ನೀನೂ ದಲ್ಲಾಳಿನೇ" ಅಂದರು.

ಜೂನ್ 20, ಶುಕ್ರವಾರ

ಬರೆಯುವ ಮನಸ್ಸಿರಲಿಲ್ಲ. ಅಣ್ಣ ಟೇಪು ಹಿಡಿದು ಗುಂಡಿ ಅಳೆದ. ಟೈಲ್ಸಿನವನು ಸೋಮವಾರ ಬರುತ್ತಾನಂತೆ.

ಅತ್ತಿಗೆ ಬೆಳಿಗ್ಗೆಯೇ ಯಳಂದೂರಿನ ಬಸ್ ಹತ್ತಿದ್ದರು. ಅಗರದಲ್ಲಿ ಅವರ ಅಕ್ಕ ಮಾದೇವಮ್ಮ ಇದ್ದಾರೆ. ಅವರ ಮಗ್ಗ ನಿಂತು ಎಷ್ಟೋ ಕಾಲವಾಯಿತು. ಏರಿಸದೇ ಉಳಿದ ರೇಷ್ಮೆ ಹಾಸೊಂದು ಟ್ರಂಕಿನಲ್ಲಿತ್ತಂತೆ, ಅರಿಶಿನ ಬಣ್ಣದ್ದು. ಸಂಜೆ ಹಳೇ ಸೀರೆಯಲ್ಲಿ ಸುತ್ತಿ ತಂದರು, ಬಾಣಂತಿ ಮನೆಯಿಂದ ಕೂಸು ತಂದ ಹಾಗೆ.

ಬೆಸೆಯಲು ಇಬ್ಬರು ಬೇಕು. ಒಬ್ಬರು ಎಳೆ ಆಯ್ದುಕೊಡಬೇಕು, ಇನ್ನೊಬ್ಬರು ಹೊಸೆಯಬೇಕು. ನಾನು ಕೂತೆ. ನನ್ನ ಬೆರಳಿಗೆ ಸೀಮೆಸುಣ್ಣ ಗೊತ್ತು, ರೇಷ್ಮೆ ಗೊತ್ತಿಲ್ಲ. ಫಟ್. ಮತ್ತೆ ಫಟ್. ಅಣ್ಣ ಬಾಗಿಲಲ್ಲಿ ನಿಂತು ನೋಡಿದ. ಟಿವಿ ಹಾಕಿದ. ಆರಿಸಿದ. ಮತ್ತೆ ಬಂದ.

"ಏಳ್ಲಾ ಮೇಲೆ. ರೇಷ್ಮೇನ ಅಂಗಾ ಇಡ್ಕೊಳ್ಳೋದು? ಏನ್ ಅಗ್ಗ ಅನ್ಕಂಡಿದ್ದೀಯಾ?"

"ನೀನು ಗುಂಡಿ ಮುಚ್ಚೋನಲ್ವಾ ಅಣ್ಣ?"

"ಮುಚ್ಚೋದು ಸೋಮವಾರ. ಇವತ್ತು ಶುಕ್ರವಾರ. ಬೂದಿ ಎಲ್ಲಿ, ಚೌಡಿ?"

ಎಳೆ ಜಾರದಂತೆ ಬೆರಳಿಗೆ ಬೂದಿ ಸವರಿಕೊಂಡು ಕೂತ. ಅತ್ತಿಗೆ ಆಯ್ದರು, ಅಣ್ಣ ಹೊಸೆದ. ಹಿಂದಿನಿಂದ ನೋಡಿದರೆ ಅಣ್ಣನ ಬೆನ್ನು ಥೇಟ್ ಅಪ್ಪನದೇ.

ಜೂನ್ 22, ಭಾನುವಾರ

ನಿನ್ನೆ ಸಂಜೆಯೇ ಬೆಸೆದು ಮುಗಿಯಿತು. ಇವತ್ತು ಅತ್ತಿಗೆ ತಾವೇ ಫೋನ್ ಮಾಡಿದರು. "ಮೇಡಂ, ಐ ಹ್ಯಾವ್ ಆಲ್ರೆಡಿ ಫಿನಿಶ್ಡ್ ಯುವರ್ ಸ್ಯಾರಿ." ಆಮೇಲೆ ಫೋನನ್ನು ಮಗ್ಗದ ಹಿಂದಕ್ಕೆ ತಿರುಗಿಸಿ, ಹಳೇ ಹಾಸಿನ ಕೆಂಪು ಎಳೆ ಹೊಸ ಹಾಸಿನ ಹಳದಿಗೆ ಕೂಡಿದ್ದನ್ನು ತೋರಿಸಿ, ಅರ್ಧ ಇಂಗ್ಲಿಷು ಅರ್ಧ ಕೈಸನ್ನೆಯಲ್ಲಿ ಎಲ್ಲ ಹೇಳಿದರು. ನನ್ನ ಕಡೆ ನೋಡಲೇ ಇಲ್ಲ. ಮೇಡಂ ಕೊನೆಯವರೆಗೂ ಕೇಳಿಸಿಕೊಂಡರು. ಸೆರಗನ್ನು ಹತ್ತಿರ ಹಿಡಿಯಲು ಹೇಳಿ ತುಂಬ ಹೊತ್ತು ನೋಡಿದರು. ನೂಲು ಕಳಿಸುತ್ತೇನೆ ಅಂದರು.

ಅಣ್ಣ ಹೊರಗೆ ಹೋಗಿ ಟೈಲ್ಸಿನವನಿಗೆ ಫೋನ್ ಮಾಡಿ ಬಂದ. ಏನು ಹೇಳಿದೆ ಅಂತ ಕೇಳಿದೆ. "ಬಚ್ಚಲಿಗೆ ಆಕ್ಸಾನ ಅಂದೆ ಕಣ್ಲಾ" ಅಂದ.

ಈಗ ಕೆಳಗಿಂದ ಕೂಗು. ಹಳದಿ ಸೀರೆ ಶುರುಮಾಡಬೇಕಂತೆ, ಲಾಳಿಯೊಳಗಿನ ನೂಲಿನ ಕಂಡಿಕೆ ಸುತ್ತಿಕೊಡುವವರು ಯಾರೂ ಇಲ್ಲವಂತೆ. ಆ ಕೆಲಸ ಚಿಕ್ಕವನಿದ್ದಾಗ ನನ್ನದೇ. ಎಂ.ಎ. ಆದವನನ್ನು ಹೀಗೆಲ್ಲ ಕರೆಯಬಹುದೇ? ರಾಟೆ ತಿರುಗಿಸುವುದು ಬಲಗೈಯಲ್ಲೋ ಎಡಗೈಯಲ್ಲೋ, ಅದೇ ಮರೆತು... ಬಂದೆ ಅತ್ತಿಗೆ, ಬಂ—